ತಗಡಿನಡಿಯ ಫೀಡು

ತೊಂಬತ್ತರ ದಶಕದ ಆರಂಭದಲ್ಲಿ ಅಣ್ಣ ಶಿರಗುಪ್ಪಿಯ ನಮ್ಮ ಹೊಲದಲ್ಲಿ ತಗಡಿನ ಶೆಡ್ ಹಾಕಿ ಬ್ರಾಯ್ಲರ್ ಮರಿ ಸಾಕತೊಡಗಿದ. ನೋಡಿಕೊಳ್ಳುವವರು ನಾನು ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ. ಪದೇಪದೇ ಮಿರಜಿಗೆ ಹೋಗಲು ಬೇಸರವೆಂದು ಅಣ್ಣ ಬೇಸಿಗೆಗೆ ಮುಂಚೆಯೇ ಮರಿ ತಿನ್ನುವ ಫೀಡಿನ ಚೀಲಗಳನ್ನೆಲ್ಲ ತಂದು ತಗಡಿಗೆ ತಾಗುವಂತೆ ಒಟ್ಟಿದ್ದ.

ಮೂರನೆಯ ವಾರಕ್ಕೆ ಮರಿಗಳ ಕಾಲ್ಬೆರಳು ಒಳಕ್ಕೆ ಮುದುಡಿದವು. ನಿಲ್ಲಲಾಗದೆ ತಮ್ಮದೇ ಹಿಕ್ಕೆಯಲ್ಲಿ ತೆವಳುತ್ತಿದ್ದವು. ಎದೆಗೆ ಮೆತ್ತಿದ ಹಸಿ ಹಿಕ್ಕೆಯ ಮೇಲೆ ನೊಣಗಳು.

"ಫೀಡ್ ವಾಸನಿ ಹೊಡಿಯಾಕತ್ತೈತ್ರಿ, ಕೆಟ್ಟ ಎಣ್ಣಿಗತೆ," ಎಂದರು ವೈನಿ.

"ಬಿಸಲಿಗೆ ಹಂಗ ಆಗತೈತಿ, ಸುಮ್ನ ಹಾಕ," ಎಂದ ಅಣ್ಣ.

ನಾನು ಸೈಕಲ್ ಹೊಡೆದು ಕಾಗವಾಡದಿಂದ ದನದ ಡಾಕ್ಟರನ್ನು ಕರೆತಂದೆ. ಅವರು ಒಂದು ಹಿಡಿ ಫೀಡು ತೆಗೆದು ಅಣ್ಣನ ಮೂಗಿಗೇ ಹಿಡಿದರು.

"ಇದರಾಗ ವಿಟಮಿನ್ ಎಲ್ಲಿ ಉಳದೈತ್ರಿ? ತಗಡಿನ ಝಳಕ್ಕ ಸತ್ತ ಹೋಗೈತಿ. ಬ್ಯಾಸಗ್ಯಾಗ ಮರಿ ತಿನ್ನೂದ ಕಮ್ಮಿ. ತಿನ್ನೂ ನಾಕ ಕಾಳಿನಾಗರ ಸತ್ವ ಇರಬೇಕು. ಇದನ್ನ ತಿಪ್ಪಿಗೆ ಹಾಕ್ರಿ."

ವಿಟಮಿನ್ ಪುಡಿ ಕೊಟ್ಟು, ಬೆಳಗಿನ ತಂಪಿನಲ್ಲಿ ತಾಜಾ ನೀರಿಗೆ ಕಲಸಿಡಲು ಹೇಳಿ ಹೋದರು.

ಅಣ್ಣ ಹೊಸ ಚೀಲ ತಂದ. "ಅರ್ಧಾ ಹಳೇದು ಕೂಡ್ಸಿ ಹಾಕ. ನಿಮ್ಮ ವೈನಿಗೆ ಹೇಳಬ್ಯಾಡ."

ಎಲ್ಲ ಗೊತ್ತಿದ್ದೂ ಕಲಸಿದೆ. ಗಂಟುಕಟ್ಟಿದ ಫೀಡು ಮುರಿದರೆ ಒಳಗೆ ಬಿಳಿ ಹುಳಗಳು ಮಿಸುಕುತ್ತಿದ್ದವು. ಸಾಬೂನು ಹಚ್ಚಿ ಕೈ ತೊಳೆದರೂ ರೊಟ್ಟಿ ಮುರಿಯುವಾಗ ಅದೇ ವಾಸನೆ.

ನಾಲ್ಕನೆಯ ದಿನ ವೈನಿ ಬುಟ್ಟಿ ಮೂಸಿ ನೋಡಿದರು. "ನೀವೂ ಹಿಂಗ ಮಾಡತೀರೇನ್ರಿ?"

ಅವರು ಅಣ್ಣನ ಎದುರಿಗೇ ಹಳೆಯ ಚೀಲಗಳನ್ನು ಒಂದೊಂದಾಗಿ ಎಳೆದೊಯ್ದು ತಿಪ್ಪೆಗೆ ಸುರಿದರು. ಅಣ್ಣ ಒದರಾಡಿದ. ಅವರು ತಿರುಗಿಯೂ ನೋಡಲಿಲ್ಲ.

ಒಳ್ಳೆಯ ಫೀಡು, ವಿಟಮಿನ್ ನೀರು ಸಿಕ್ಕ ಮೇಲೆ ಎಷ್ಟೋ ಮರಿಗಳು ಎದ್ದು ನಿಂತವು. ಬೆರಳು ಮಡಚಿ ಗಟ್ಟಿಯಾದ ಮರಿಗಳು ಮಾತ್ರ ಏಳಲಿಲ್ಲ. ಒಂದೊಂದಾಗಿ ಸತ್ತವು. ಅವನ್ನು ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಹಾಕಿದವನು ನಾನೇ. ನಾನು ಕಲಸಿಕೊಟ್ಟ ಆ ನಾಲ್ಕು ದಿನ ಇಲ್ಲದಿದ್ದರೆ ಇವುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ. ಅಣ್ಣನಿಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಹೇಸಿಗೆಯಾಯಿತು.

ಉಳಿದ ಕೋಳಿಗಳು ಬೆಳೆದ ಮೇಲೆ ಅಣ್ಣ ಒಂದನ್ನು ಮನೆಯಲ್ಲೇ ಕೊಯ್ಸಿದ. ಅವನು ಬಾಯಿ ಚಪ್ಪರಿಸುತ್ತ ಎಲುಬು ಚೀಪುತ್ತಿದ್ದ. ನಾನು ಎದ್ದು ಹಿತ್ತಲಿಗೆ ಹೋಗಿ ಕಾರಿಕೊಂಡೆ.

ಮುಂದಿನ ಬ್ಯಾಚಿಗೆ ವೈನಿ ತಾವೇ ಮಿರಜಿನ ಬಸ್ ಹತ್ತಿ, ವಾರಕ್ಕೆ ಸಾಲುವಷ್ಟೇ ಫೀಡು ತಂದು ಅಡುಗೆಮನೆ ಪಕ್ಕದ ತಂಪು ಕೋಣೆಯಲ್ಲಿ ಇಟ್ಟುಕೊಂಡರು. ಬಾಗಿಲಿಗೆ ಕೀಲಿ ಹಾಕಿದರು. ಕೀಲಿಕೈಯನ್ನು ನನಗೂ ಕೊಡಲಿಲ್ಲ.