ಮುಲುನೆಶಕ್ಕನ ಕಾಫಿಹೊಗೆ
ನಮ್ಮ ಸಿಲ್ವರ್ ಸ್ಪ್ರಿಂಗಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಮುಲುನೆಶಕ್ಕನಿಗೆ ಅಮೆರಿಕವನ್ನು ಇಥಿಯೋಪಿಯದ ಪಕ್ಕ ನಿಲ್ಲಿಸಿ ನೋಡದೆ ತುತ್ತು ಇಳಿಯುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕವರು ಕೆಳಗೆ ತಲುಪುವಷ್ಟರಲ್ಲಿ ತೀರ್ಪು ಕೇಳಿಸಿಕೊಂಡಿರುತ್ತಾರೆ. ನಲ್ಲಿ, ಆಸ್ಪತ್ರೆ, ಬಸ್ಸು, ಎಲ್ಲದರಲ್ಲೂ ಅಮೆರಿಕವೇ ಗೆಲ್ಲುತ್ತದೆ. ಟೊಮೆಟೊ ಒಂದರಲ್ಲಿ ಮಾತ್ರ ಸೋಲುತ್ತದೆ. "ಇಲ್ಲಿ ಕರೆಂಟ್ ಹೋಗಿದ್ದೇ ನಾನು ನೋಡಿಲ್ಲ ಕಣಪ್ಪಾ. ನಮ್ಮೂರು ಜಿಮ್ಮಾದಲ್ಲಿ ಬಂದಿದ್ದೇ ಅಪರೂಪ," ಎನ್ನುತ್ತಾಳೆ. ಭಾನುವಾರ ಬೆಳಿಗ್ಗೆ ಹಸಿ ಕಾಫಿಬೀಜ ಹುರಿಯುತ್ತಾಳೆ. ಅವಳ ಊರಿನಲ್ಲಾದರೆ ಆ ಹೊಗೆಯೇ ಕರೆಯೋಲೆ; ಅಕ್ಕಪಕ್ಕದವರು ಬಂದು ಕೂತರೆ ಮೂರು ಸುತ್ತು ಕುಡಿದೇ ಏಳುವುದು. ಇಲ್ಲಿ ಹೊಗೆ ಕಂಡರೆ ಚಾವಣಿಯ ಅಲಾರಂ ಬಡಿದುಕೊಳ್ಳುತ್ತದೆ. ಅದಕ್ಕೇ ಅವಳು ಸ್ಟೂಲು ಹತ್ತಿ, ಅಲಾರಮ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಒಮ್ಮೆ ಮರೆತಳು. ಮಹಡಿಯವರೆಲ್ಲ ಬರಿಗಾಲಲ್ಲಿ ಅವಳ ಬಾಗಿಲಿಗೆ ಓಡಿಬಂದೆವು. ಬೆಂಕಿ ಇಲ್ಲವೆಂದು ಗೊತ್ತಾದ ಮೇಲೆ, ಬಂದದ್ದಂತೂ ಆಯಿತಲ್ಲ ಎಂದು ಕೂತು ಮೂರು ಸುತ್ತೂ ಕುಡಿದೆವು. ಅಂದಿನಿಂದ ಅವಳು ಪ್ರತಿ ಭಾನುವಾರವೂ ಮರೆಯುತ್ತಾಳೆ. "ಚೀಲ ಕಟ್ಟಲ್ವಾ ಅಕ್ಕ?" ಎಂದು ಕೇಳಿದರೆ, ಹನ್ನೆರಡು ಕಪ್ಪು ಜೋಡಿಸುತ್ತ ಹೇಳುತ್ತಾಳೆ: "ಇಲ್ಲೂ ಜನ ಬರ್ತಾರಪ್ಪ. ಸ್ವಲ್ಪ ಜೋರಾಗಿ ಕರೀಬೇಕು, ಅಷ್ಟೆ."