ಆಯಿ ತಿಂದ ಕರ್ಚಿಕಾಯಿ

ನಮ್ಮ ಮನೆಯ ಕ್ರಿಸ್ಮಸ್ಸು ಜಗಲಿ ಸಾರಿಸುವುದರಿಂದ ಸುರುವಾಗುತ್ತಿತ್ತು. ಒಳಗೆ ಎಷ್ಟು ಕೆಲಸ ಬಾಕಿ ಇದ್ದರೂ ಅವ್ವ ಮೊದಲು ಹೊರಗಿನ ಜಗಲಿಯನ್ನು ಸಗಣಿಯಿಂದ ಸಾರಿಸಿ, ಒಣಗಿದ ಮೇಲೆ ಕರಿಕಂಬಳಿ ಹಾಸುತ್ತಿದ್ದಳು. ಅದು ಆಯಿಗೆ, ಅಂದರೆ ಅಪ್ಪನ ತಾಯಿಗೆ. ಆಯಿ ವರ್ಷಕ್ಕೊಮ್ಮೆ, ಅದೊಂದು ದಿನ ಮಾತ್ರ, ಅಬಲೂರಿನಿಂದ ಹಿರೇಕೆರೂರಿಗೆ ಗಾಡಿಯಲ್ಲಿ ಬರುತ್ತಿದ್ದಳು. ಬಂದರೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ.

ಅಪ್ಪ, ಅವ್ವ ಕ್ರೈಸ್ತರಾದದ್ದು ಮದುವೆಯಾಗಿ ಎರಡು ವರ್ಷಕ್ಕೆ. ನಾನಿನ್ನೂ ಹುಟ್ಟಿರಲಿಲ್ಲ. ಆಯಿಯ ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ. ನಮ್ಮ ಮನೆಯ ನೀರನ್ನೂ ಆಕೆ ಮುಟ್ಟುವಂತಿರಲಿಲ್ಲ. ತಂಬಿಗೆಯಲ್ಲಿ ನೀರು, ಬಟ್ಟೆಯಲ್ಲಿ ರೊಟ್ಟಿಬುತ್ತಿ ತಾನೇ ಕಟ್ಟಿಕೊಂಡು ಬರುತ್ತಿದ್ದಳು. ನಮಗೆಂದು ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ, ಹಸಿ ಕಡಲೆಯ ಕಟ್ಟು ತರುತ್ತಿದ್ದಳು. ಆಕೆಯದು ನಮಗೆ ನಡೆಯುತ್ತಿತ್ತು, ನಮ್ಮದು ಆಕೆಗೆ ನಡೆಯುತ್ತಿರಲಿಲ್ಲ. ಅಪ್ಪ ಸವಣೂರಿನಿಂದ ತರಿಸಿದ ವೀಳ್ಯದೆಲೆಯನ್ನು ಮಾತ್ರ ಸೆರಗಿಗೆ ಹಾಕಿಸಿಕೊಳ್ಳುತ್ತಿದ್ದಳು.

ಗಾಡಿ ಹೊಡೆಯುತ್ತಿದ್ದವನು ದೊಡ್ಡಪ್ಪ, ಅಪ್ಪನ ಅಣ್ಣ. ಬೀದಿಯ ಆಚೆ ಹುಣಸೆಮರದ ಕೆಳಗೆ ಎತ್ತು ಬಿಚ್ಚಿ, ನಮಗೆ ಬೆನ್ನು ಮಾಡಿ ಕೂಡುತ್ತಿದ್ದ. ಅಪ್ಪ ಪ್ರತಿ ವರ್ಷವೂ ಹೋಗಿ ಕರೆಯುತ್ತಿದ್ದ.

"ಅಣ್ಣಾ, ನೆಳ್ಳಿಗೆ ಬರ್ರಿ."

"ಇಲ್ಲೇ ನೆಳ್ಳ ಐತಿ."

ಅಣ್ಣತಮ್ಮಂದಿರ ವರ್ಷದ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನಾನು ನಸುಕಿನಲ್ಲಿ ಹಾಡುವವರ ಜೊತೆ ತಾಳ ಬಾರಿಸುತ್ತ ಓಣಿ ಸುತ್ತಿ, ಹೊಸ ಪರಕಾರ ತೊಟ್ಟು ಪ್ರಾರ್ಥನೆಗೆ ಹೋಗಿ, ಕೊನೆಯ ಆಮೆನ್ ಮುಗಿಯುವುದರೊಳಗೆ ಎದ್ದು ಜಗಲಿಗೆ ಓಡಿ ಬರುತ್ತಿದ್ದೆ. ಜಗಲಿಯ ಮೇಲೆ ಅಪ್ಪ ಬಿದಿರುಕಡ್ಡಿ, ಬಣ್ಣದ ಕಾಗದದಿಂದ ಮಾಡಿದ ನಕ್ಷತ್ರ ತೂಗುತ್ತಿತ್ತು. ಆಯಿ ಅದನ್ನು ತಲೆ ಎತ್ತಿ ನೋಡಿ, "ಒಂದು ಮೂಲಿ ಸೊಟ್ಟ ಆಗೇತಿ ನೋಡೋ" ಎನ್ನುತ್ತಿದ್ದಳು. ಅಪ್ಪನಿಗೆ ಅಷ್ಟು ಸಾಕಿತ್ತು. ಇಡೀ ದಿನ ಮುಖ ಅರಳಿರುತ್ತಿತ್ತು.

ನನಗೆ ಸಾಕಿರಲಿಲ್ಲ. ಅವ್ವನ ಕರ್ಚಿಕಾಯಿಯನ್ನು ಆಯಿ ತಿನ್ನಬೇಕು ಎಂಬುದೊಂದೇ ನನ್ನ ಹಟ. ಓಣಿಯ ಉಳಿದ ಹೆಂಗಸರು ಅಂಚನ್ನು ಹಲ್ಲಿನ ಗಾಲಿಯಿಂದ ಕೊರೆದು ಬಿಡುತ್ತಿದ್ದರು. ಅವ್ವ ಬೆರಳಿನಿಂದಲೇ ಮಡಚಿ ಮಡಚಿ ಜಡೆ ಹೆಣೆದಂತೆ ಮಾಡುತ್ತಿದ್ದಳು. ಇಷ್ಟು ಚೆಂದದ್ದನ್ನು ಆಯಿ ನೋಡುವುದೂ ಇಲ್ಲವಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

ನನಗೆ ಏಳೋ ಎಂಟೋ ವರ್ಷವಿದ್ದಾಗ, ಎರಡನೇ ಮಹಾಯುದ್ಧ ಸುರುವಾಗುವ ಮೊದಲು, ಒಂದು ಉಪಾಯ ಹೊಳೆಯಿತು. ಎದುರುಮನೆಯವರು ಲಿಂಗವಂತರು. ಅವರ ಮನೆಯ ನೀರು ಆಯಿಗೆ ನಡೆಯುತ್ತಿತ್ತು. ನಾನು ಎರಡು ಕರ್ಚಿಕಾಯಿಯನ್ನು ಎಲೆಯಲ್ಲಿ ಸುತ್ತಿ, ಹಿತ್ತಲಿನಿಂದ ಸುತ್ತುಹಾಕಿ, ಎದುರುಮನೆಯ ಬಾಗಿಲಿನಿಂದ ಬಂದವಳ ಹಾಗೆ ಬಂದೆ.

"ಆಯಿ, ಎದುರ್ಮನಿಯವ್ರು ಕೊಟ್ರು. ನಿನಗಂತ."

ಆಯಿ ಒಂದನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಅಂಚನ್ನು ತುದಿಯಿಂದ ತುದಿಗೆ ಸವರಿದಳು.

"ಎದುರ್ಮನಿಯವ್ರು ಕೊಟ್ರೇನು?"

"ಹೂಂ."

ಬಾಗಿಲ ಹಿಂದೆ ಅವ್ವನ ಬಳೆ ಸದ್ದು ನಿಂತಿತ್ತು. ಆಯಿ ತಿಂದಳು. ಒಂದು ಚೂರೂ ಕೆಳಗೆ ಬೀಳದ ಹಾಗೆ ಅಂಗೈ ಒಡ್ಡಿಕೊಂಡು, ಮೆಲ್ಲಗೆ ತಿಂದಳು. ಆಮೇಲೆ ಕೇಳಿದಳು, "ಇನ್ನೊಂದು ಐತೇನು?" ಅದನ್ನೂ ತಿಂದಳು. ಕೆಳಗಿನ ಮೆಟ್ಟಿಲ ಮೇಲೆ ಕುಳಿತಿದ್ದ ಅಪ್ಪ ನೆಲ ನೋಡುತ್ತಿದ್ದ.

ನನಗೆ ತಡೆದುಕೊಳ್ಳಲು ಆಗಲಿಲ್ಲ. ಆಗಿನಿಂದಲೂ ನಾನು ಬಾಯಿಬಡುಕಿ. ಚಪ್ಪಾಳೆ ತಟ್ಟಿ ಬೀದಿಗೆಲ್ಲ ಕೇಳುವಂತೆ ಕೂಗಿದೆ. "ಆಯಿ ನಮ್ಮ ಮನೀದು ತಿಂದ್ಳು! ನಮ್ಮವ್ವ ಮಾಡಿದ್ದು ತಿಂದ್ಳು!"

ಹುಣಸೆಮರದ ಕೆಳಗೆ ದೊಡ್ಡಪ್ಪ ಎದ್ದು ನಿಂತು ನಮ್ಮ ಕಡೆ ತಿರುಗಿದ. ಅವನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಅಪ್ಪನ ಮುಖದ ಹಾಗೇ ಇತ್ತು.

ಆಯಿ ಬೈಯಲಿಲ್ಲ. ತಂಬಿಗೆ ಎತ್ತಿಕೊಂಡು, ಅಂಗಳಕ್ಕಿಳಿದು, ದೊಡ್ಡಪ್ಪನಿಗೆ ಕಾಣುವ ಹಾಗೆ ಮೂರು ಸಲ ಬಾಯಿ ಮುಕ್ಕಳಿಸಿದಳು. ಒದ್ದೆ ಕೈಯಿಂದ ನನ್ನ ಗಲ್ಲ ಮುಟ್ಟಿ, "ಯಾಕ ಒದರಿದಿ ನನ ಕೂಸ?" ಎಂದಳು. ದೊಡ್ಡಪ್ಪ ಅಷ್ಟರಲ್ಲಿ ಎತ್ತು ಹೂಡಿದ್ದ. "ನಡಿಯವ್ವ, ಹೊತ್ತಾತು." ಬಿಸಿಲು ಇನ್ನೂ ನೆತ್ತಿಗೂ ಬಂದಿರಲಿಲ್ಲ.

ಅಬಲೂರಿನಲ್ಲಿ ಮಠದ ಅಯ್ಯನವರನ್ನು ಕರೆಸಿ ಆಯಿಯನ್ನು ಶುದ್ಧ ಮಾಡಿಸಿದರಂತೆ. ಇನ್ನು ಮಗನ ಬಾಗಿಲಿಗೆ ಹೋಗುವುದಿಲ್ಲ ಎಂದು ಮಾತು ತೆಗೆದುಕೊಂಡರಂತೆ. ಸಂತೆಗೆ ಬಂದವರು ಹೇಳಿದರು.

ಮರುವರ್ಷವೂ ಅವ್ವ ಜಗಲಿ ಸಾರಿಸಿ ಕಂಬಳಿ ಹಾಸಿದಳು. ಅಪ್ಪ ನಕ್ಷತ್ರದ ಒಂದು ಮೂಲೆಯನ್ನು ಬೇಕೆಂದೇ ಸೊಟ್ಟ ಮಾಡಿದ. ಸಂಜೆಯವರೆಗೆ ಮೆಟ್ಟಿಲ ಮೇಲೆ ಕುಳಿತು ಅಬಲೂರಿನ ದಾರಿ ನೋಡಿದ. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು. ಯುದ್ಧ ಬಂತು, ಸಕ್ಕರೆ, ಸೀಮೆಎಣ್ಣೆಗೆ ಪರದಾಟವಾಯಿತು, ಕಂಬಳಿ ಹಾಸುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ಸುದ್ದಿ ಬಂತು: ಆಯಿ ತೀರಿಕೊಂಡು, ಮಣ್ಣು ಆಗಿ ಮೂರು ದಿನವಾಗಿತ್ತು. ಅಪ್ಪ ನಡೆದುಕೊಂಡೇ ಹೋದ. ತಿರುಗಿ ಬಂದವನು ಕಂಬಳಿಯನ್ನು ಮಡಚಿ ಅಟ್ಟಕ್ಕೆ ಹಾಕಿದ.

ನನ್ನ ಮದುವೆ ಗೊತ್ತಾದ ವರ್ಷ, ಅವ್ವನ ಪಕ್ಕದಲ್ಲಿ ಕುಳಿತು ಕರ್ಚಿಕಾಯಿ ಮಡಚುತ್ತಿದ್ದಾಗ, ಅಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ. "ನಾ ಸುಳ್ಳು ಹೇಳಿ ತಿನಿಸಿದೆ, ಅದಕ್ಕ ಆಯಿ ಬರಲಿಲ್ಲ."

ಅವ್ವ ಕೈ ನಿಲ್ಲಿಸಲಿಲ್ಲ. "ನಿನ್ನ ಸುಳ್ಳು ಆಕಿ ಎಲ್ಲಿ ನಂಬಿದ್ಲು? ಹಿಂಗ ಅಂಚು ಮಡಚೂದು ನನಗ ಕಲಿಸಿದಾಕಿನ ಆಕಿ. ನೋಡಿದ ಕೂಡ್ಲೆ ಗುರ್ತು ಹಿಡದ್ಲು."

ಆ ಕ್ರಿಸ್ಮಸ್ಸಿನ ನಂತರ ಆಯಿ ನಾಲ್ಕು ವರ್ಷ ಬದುಕಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕು ಸಲವೂ ಹಿತ್ತಲಿನಿಂದ ಸುತ್ತುಹಾಕಿ ಬರಬಹುದಿತ್ತು. ನಾಲ್ಕು ಸಲವೂ ಆಯಿ, ಎದುರುಮನೆಯವರು ಕೊಟ್ಟರೇನು ಎಂದು ಕೇಳಿ, ತಿನ್ನುತ್ತಿದ್ದಳು.