ನಾನು ಇಡದ ಚುಕ್ಕೆ

ಹೋದ ಭಾನುವಾರ ತಿಕೋಟಾದಲ್ಲಿ ನನ್ನ ಬಾಯಿಂದ ಹತ್ತು ಆಜ್ಞೆಗಳು ಒಂಬತ್ತಾಗಿ ಹೊರಬಂದವು.

ತಿಕೋಟಾದಲ್ಲಿ ನಮ್ಮ ಕ್ರೈಸ್ತರದು ನಾಲ್ಕೈದೇ ಮನೆ. ಪಾದ್ರಿಗಳಿಗೆ ಎಲ್ಲ ವಾರ ಅಲ್ಲಿಗೆ ಬರಲಾಗುವುದಿಲ್ಲ. ಹೀಗಾಗಿ ತಿಂಗಳಿಗೊಂದು ಭಾನುವಾರ ವಿಜಾಪುರದಿಂದ ನಾನು ಬಸ್ ಹತ್ತುತ್ತೇನೆ. ಒಬ್ಬರ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತಾರೆ. ನಮ್ಮ ಮನೆಯದೇ ಸತ್ಯವೇದ (ಬೈಬಲ್) ಒಯ್ದು ಓದಿ, ನಾಲ್ಕು ಮಾತು ಹೇಳಿ, ಬಿಸಿ ರೊಟ್ಟಿ ತಿಂದು ವಾಪಸು. (ಸಾಲಿ ಮಾಸ್ತರನಿಗೆ ರಜೆಯ ದಿನವೂ ಎದುರಿಗೆ ಕೂತು ಕೇಳುವವರು ಬೇಕು. ಅದೊಂದು ಚಟ.)

ಅಂದು ಆಜ್ಞೆಗಳನ್ನು ಓದಿ ಪುಸ್ತಕ ಮುಚ್ಚಿದೆ. ಮುಂದೆಯೇ ಕೂತಿದ್ದ ಸಾತಪ್ಪಜ್ಜ ಎರಡೂ ಕೈ ಮುಂದೆ ಹಿಡಿದಿದ್ದ. ಕುರಿ ಕಾಯ್ದು ಮುದುಕನಾದವನು, ಅಕ್ಷರ ಬಾರದು. ಒಂದೊಂದು ಆಜ್ಞೆಗೆ ಒಂದೊಂದು ಬೆರಳು ಮಡಚುವುದು ಅವನ ರೂಢಿ.

"ಮಾಸ್ತರ, ನನ್ನ ಒಂದು ಬಟ್ಟು ಹಂಗಽ ಉಳೀತಲ್ರಿ" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. "ಎಲ್ಲೋ ಎಣಿಕಿ ತಪ್ಪೀರಿ, ಅಜ್ಜಾ" ಎಂದೆ.

"ಇರಬೇಕ್ರಿ. ಆದ್ರ ಸುಳ್ಳು ಹೇಳಬ್ಯಾಡ ಅನ್ನೂದು ನನ್ನ ಕಿವಿಗೆ ಬೀಳಲಿಲ್ರಿ."

ಪುಸ್ತಕ ಮತ್ತೆ ತೆರೆದೆ. ಆ ಸಾಲು ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಪೆನ್ಸಿಲ್‌ನಿಂದ ಇಟ್ಟ ಒಂದು ಸಣ್ಣ ಚುಕ್ಕೆ ಇತ್ತು. ಆ ಚುಕ್ಕೆ ಕಂಡೇ ನನ್ನ ಕಣ್ಣು ಮುಂದಿನ ಸಾಲಿಗೆ ಜಾರಿತ್ತು. ತಟ್ಟನೆ ಅದರ ಮೇಲೆ ಬೆರಳಿಟ್ಟು ಮುಚ್ಚಿದೆ.

ನಮ್ಮ ಸತ್ಯವೇದದಲ್ಲಿರುವ ಚುಕ್ಕೆಗಳನ್ನೆಲ್ಲ ಇಟ್ಟವನು ನಾನೇ. ಆದರೆ ಇದನ್ನು ನಾನು ಇಟ್ಟಿರಲಿಲ್ಲ.

ನಿಮಗೆ ಇದನ್ನು ಹೇಳಲು ನಾಚಿಕೆಯಾಗುತ್ತದೆ. ಪ್ರತಿ ವಾರ ಪತ್ರಿಕೆಯ ಈ ಜಾಗದಲ್ಲಿ ಕೂತು ಹಾಲಿಗೆ ನೀರು ಬೆರೆಸುವವರನ್ನು, ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಡದವರನ್ನು ಬೈದವನು ನಾನು. ನೀವು ಮೆಚ್ಚಿ ಕಾಗದ ಬರೆದಿದ್ದೀರಿ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ನನಗೊಬ್ಬ ಅಣ್ಣನಿದ್ದಾನೆ. ಬಬಲೇಶ್ವರದ ದವಾಖಾನೆಯಲ್ಲಿ ಕಂಪೌಂಡರ್. ಮೂರು ವರ್ಷದ ಹಿಂದೆ ಅವನ ಮಗನ ಮದುವೆ ಬಂತು. ನಮ್ಮ ಕಡೆ ಒಡಹುಟ್ಟಿದವರಿಗೆ ಲಗ್ನಪತ್ರಿಕೆಯನ್ನು ಮನೆಗೇ ಬಂದು, ಚಹಾ ಕುಡಿದು, ಕೈಯಲ್ಲಿಟ್ಟು ಕರೆಯಬೇಕು. ಅಣ್ಣ ಏನು ಮಾಡಿದ? ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ಸ್ವಂತ ತಮ್ಮನಿಗೆ, ಕಂಡಕ್ಟರ್ ಕೈಯಲ್ಲಿ. ಆ ಮನುಷ್ಯ ಅದನ್ನು ಟಿಕೆಟ್ ಕೊಟ್ಟ ಹಾಗೆ ನನ್ನ ಕೈಗೆ ಕೊಟ್ಟು ಸೀಟಿ ಊದಿ ಹೋದ.

ನಾನು ಮದುವೆಗೆ ಹೋಗಲಿಲ್ಲ. ನಮ್ಮ ಜೊತೆಗಿರುವ ಅವ್ವನೂ ಹೋಗಲಿಲ್ಲ. "ನೀ ಕರಕೊಂಡು ಹೋಗಲಿಲ್ಲಂದ್ರ ನಾ ಕುರುಡಿ ಹೆಂಗ ಹೋಗಲೋ" ಅಂದಳು. ಮೊಮ್ಮಗನ ಮದುವೆಯ ದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

ಅವ್ವ ಪೂರ್ತಿ ಕುರುಡಿಯಲ್ಲ, ಆಗ ಆಗಿರಲಿಲ್ಲ. ನಮ್ಮ ಮನೆಯಿಂದ ಗೋಳಗುಮ್ಮಟ ಕಾಣುತ್ತದೆ. ದಿನಾ ಮುಂಜಾನೆ ಬಾಗಿಲಲ್ಲಿ ನಿಂತು ಅದನ್ನು ನೋಡಿ ತನ್ನ ಕಣ್ಣಿನ ಪರೀಕ್ಷೆ ತಾನೇ ಮಾಡಿಕೊಳ್ಳುತ್ತಿದ್ದಳು. "ಗುಮ್ಮಟ ಐತಿ" ಎಂದರೆ ಆ ದಿನ ಚೆನ್ನಾಗಿದೆ ಎಂದು ಅರ್ಥ. ಡಾಕ್ಟರು ಕಣ್ಣಿಗೆ ಹನಿ ಔಷಧ ಕೊಟ್ಟು ಹೇಳಿದ್ದರು: ಹೋದ ಬೆಳಕು ಬರುವುದಿಲ್ಲ, ಇದ್ದದ್ದನ್ನು ಈ ಔಷಧ ಕಾಯುತ್ತದೆ, ದಿನಕ್ಕೆ ಎರಡು ಸಲ ಹಾಕಿ, ತಪ್ಪಿಸಬೇಡಿ.

ಅಂದು ಡಾಕ್ಟರ ಬಳಿಯಿಂದ ಟಾಂಗಾದಲ್ಲಿ ಮನೆಗೆ ಬರುವಾಗ ಅವ್ವ ಒಂದೇ ಮಾತು ಆಡಿದಳು. "ಈ ಬೆಳಕು ಇರೂತನಕ ದೊಡ್ಡವನ ಮಾರಿ ಒಮ್ಮಿ ನೋಡಬೇಕಿತ್ತು."

ನಾನು ಟಾಂಗಾದವನಿಗೆ ಬೇಗ ಹೊಡಿ ಎಂದೆ. ಅವ್ವ ಮತ್ತೆ ಆ ಮಾತು ಎತ್ತಲಿಲ್ಲ.

ಇನ್ನು ಚುಕ್ಕೆಯ ವಿಷಯ. ದೀಪ ಹಚ್ಚುವ ಹೊತ್ತಿಗೆ ಅವ್ವನಿಗೆ ಸತ್ಯವೇದದ ಒಂದು ಅಧ್ಯಾಯ ಓದಿ ಹೇಳಬೇಕು. ನಮ್ಮ ಅಪ್ಪ ಹಾಕಿಕೊಟ್ಟ ನೇಮ. ಮೊದಲ ಪುಟದಿಂದ ಕಡೆಯ ಪುಟದವರೆಗೆ ಸಾಲಾಗಿ ಓದಬೇಕು. ಹೆಸರುಗಳ ಉದ್ದನೆಯ ಪಟ್ಟಿ ಬಂದರೂ ಬಿಡುವ ಹಾಗಿಲ್ಲ. ಮುಗಿಯಲು ಮೂರು ವರ್ಷ ಮೀರುತ್ತದೆ. ಮುಗಿದ ಮರುದಿನ ಮತ್ತೆ ಮೊದಲಿನಿಂದ.

ಆ ಮದುವೆಯಾದ ವಾರವೇ ನಾವು ಮತ್ತೆ ಮೊದಲ ಪುಟಕ್ಕೆ ಬಂದಿದ್ದೆವು. ನಾಲ್ಕೇ ದಿನಕ್ಕೆ ಏನು ಬಂತು? ಅಣ್ಣ ತಮ್ಮನನ್ನು ಹೊಲಕ್ಕೆ ಕರೆದೊಯ್ದು ಕೊಂದ ಕಥೆ. ಅವ್ವನ ಮುಖ ನೋಡಿದೆ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಷ್ಟು ಸಾಲು ಹಾರಿಸಿ ಮುಂದಿನದನ್ನು ಓದಿದೆ. ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ, ಕಂದೀಲು ಸಹ ಅಲ್ಲಾಡಲಿಲ್ಲ.

ಅದೇ ನೋಡಿ ಮೋಸ. ಏನಾದರೂ ಆಗಿದ್ದರೆ ನಾನು ಅಂದೇ ಉಳಿಯುತ್ತಿದ್ದೆ.

ಸತ್ಯವೇದದಲ್ಲಿ ಅಣ್ಣತಮ್ಮಂದಿರು ಎಷ್ಟು ಸಲ ಬರುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಓದುತ್ತ ಓದುತ್ತ ತಡವರಿಸಿದರೆ ಅವ್ವನಿಗೆ ಗೊತ್ತಾದೀತು. ಹಾಗಾಗಿ ಮುಂಜಾನೆಯೇ ಆ ದಿನದ ಅಧ್ಯಾಯ ನೋಡಿ, ಬಿಡಬೇಕಾದ ಕಡೆ ಪೆನ್ಸಿಲ್ ಚುಕ್ಕೆ ಇಡತೊಡಗಿದೆ. ಮೊದಲು ಅಣ್ಣತಮ್ಮಂದಿರ ಜಗಳ. ಆಮೇಲೆ ಅವರು ಕೂಡಿಕೊಂಡದ್ದು. (ಅದು ಇನ್ನೂ ಕಷ್ಟ.) ಆಮೇಲೆ ಕ್ಷಮೆ ಎಂಬ ಮಾತು ಎಲ್ಲಿ ಬಂದರೂ ಅಲ್ಲಿ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅಣ್ಣನ ಜೊತೆ ಒಂದಾಗು ಎನ್ನುವ ಜಾಗಕ್ಕೆ ಬರುವ ಹೊತ್ತಿಗೆ ನನ್ನ ಕೈ ಪಳಗಿತ್ತು. ಅಲ್ಲಿ ಚುಕ್ಕೆ ಇಡುವಾಗ ಎದೆ ಹೊಡೆದುಕೊಳ್ಳಲಿಲ್ಲ.

ಪುಸ್ತಕದ ಒಂದು ಹಾಳೆಯನ್ನೂ ನಾನು ಹರಿಯಲಿಲ್ಲ. ದಿನವೂ ಓದಿದೆ, ಪ್ರಾರ್ಥನೆ ತಪ್ಪಿಸಲಿಲ್ಲ, ತಿಕೋಟಾದಲ್ಲಿ ದೇವರ ಮಾತಿಗೆ ತಲೆಬಾಗಬೇಕು ಎಂದು ಭಾಷಣವನ್ನೂ ಬಿಗಿದೆ. ಯಾರಾದರೂ ಕೇಳಿದ್ದರೆ, ನಮ್ಮದು ನೇಮದ ಮನೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ಹಾಗಾದರೆ ಹೊಸ ಚುಕ್ಕೆ ಯಾರದು?

ತಿಕೋಟಾದಿಂದ ವಾಪಸು ಬರುವ ಬಸ್ಸಿನಲ್ಲಿ ಪುಟ ತಿರುವುತ್ತ ಬಂದೆ. ನಾನು ಇಡದ ಚುಕ್ಕೆಗಳು ಇನ್ನೂ ಮೂರು ಸಿಕ್ಕವು. ಮೂರೂ ಸುಳ್ಳು ನಾಲಿಗೆಯ ಮಾತು ಬರುವ ಕಡೆ. ನನ್ನ ಚುಕ್ಕೆಗಿಂತ ಸಣ್ಣವು, ಚೂಪು ಪೆನ್ಸಿಲ್‌ನವು.

ನನಗೆ ಟ್ಯೂಶನ್ ಇದ್ದ ಸಂಜೆ ಅವ್ವನಿಗೆ ಓದುವವಳು ನನ್ನ ಮಗಳು ಕೃಪಾ. ಹನ್ನೊಂದು ವರ್ಷ. ತಿಂಗಳ ಮೊದಲ ಭಾನುವಾರ ಮನೆಯಲ್ಲಿ ಹತ್ತು ಆಜ್ಞೆ ಓದುವ ಮಾನವೂ ಅವಳದೇ. ನೂಲಿನಂತೆ ಸೀರೆ ಅನ್ನುತ್ತಾರಲ್ಲ, ನಮ್ಮಲ್ಲಿ ತಂದೆಯಂತೆ ಮಗಳು.

ಮನೆಗೆ ಬಂದು ಅವಳನ್ನು ಹಿತ್ತಲಿಗೆ ಕರೆದೆ. ಪುಟ ತೋರಿಸಿದೆ. ಬೈಯಲಿಲ್ಲ, ಬೈಯಲು ಬಾಯಿ ಎಲ್ಲಿತ್ತು?

"ಚುಕ್ಕಿ ಇದ್ದಲ್ಲಿ ಓದಬಾರದಲ್ಲಪ್ಪಾ" ಎಂದಳು. "ನೀ ಓದೂದು ನೋಡೇನಿ ನಾ."

"ಇದಕ್ಕ ಯಾಕ ಇಟ್ಟೀ?"

ಅವಳು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದರಿದಳು. "ಅದನ್ನ ಓದಿದ್ರ ನನಗಽ ಅಂದಂಗ ಆಗತಿತ್ತು."

"ಯಾಕ?"

"ಅಜ್ಜಿ ಕಣ್ಣಿಗೆ ಹನಿ ಹಾಕೂದು ಒಂದಿನ ಮರತ್ನಿ. ಸಾಲಿಗೆ ಹೊತ್ತಾಗಿತ್ತು. ನಮ್ಮವ್ವ ಕೇಳಿದ್ರ ಹಾಕೇನಿ ಅಂದ್ನಿ. ಏನೂ ಆಗಲಿಲ್ಲ. ಆಮ್ಯಾಲ ಭಾಳ ದಿನ ಹಾಕಲಿಲ್ಲ. ಅಜ್ಜಿನೂ ಕೇಳಲಿಲ್ಲ."

ಏನೂ ಆಗಲಿಲ್ಲ. ನನ್ನ ಮಾತೇ ಅವಳ ಬಾಯಲ್ಲಿ ಬಂದಿತ್ತು. ಭಾಳ ದಿನ ಅಂದರೆ ಎಷ್ಟು ದಿನ? ನನಗೆ ಕೇಳುವ ಧೈರ್ಯವಾಗಲಿಲ್ಲ. ಈಚೆಗೆ ಅವ್ವ ಬಾಗಿಲಲ್ಲಿ ನಿಂತು "ಇವತ್ತ ಮಂಜು ಬಿದ್ದೈತಿ" ಎನ್ನುವುದನ್ನು ಎರಡು ಮೂರು ಸಲ ಕೇಳಿದ್ದೆ. ವಿಜಾಪುರದ ಈ ಬಿಸಿಲಲ್ಲಿ ಮಂಜು ಎಲ್ಲಿಯದು ಎಂದು ನಾನು ಯೋಚಿಸಿರಲಿಲ್ಲ.

ಓದುಗರೇ, ನಾನು ಇಷ್ಟು ಹೆದರಿದ್ದು ಜನ್ಮದಲ್ಲಿ ಇಲ್ಲ. ದೇವರ ಶಿಕ್ಷೆ ಎಂದರೆ ಸಿಡಿಲು ಎಂದುಕೊಂಡಿದ್ದೆ. ಅದು ನನ್ನ ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ಕೂತಿತ್ತು.

ಆ ಸಂಜೆ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಚುಕ್ಕೆಗಳ ಬಗ್ಗೆ, ಬಿಟ್ಟ ಸಾಲುಗಳ ಬಗ್ಗೆ, ಕೃಪಾ ತಪ್ಪಿಸಿದ ಹನಿಯ ಬಗ್ಗೆ. ಅವ್ವನಿಗೆ ಇದೆಲ್ಲ ಮೊದಲೇ ಗೊತ್ತಿರಬಹುದು, ನಕ್ಕು ತಲೆ ಸವರಬಹುದು ಎಂಬ ಆಸೆ ಒಳಗೆಲ್ಲೋ ಇತ್ತು. ಚುಕ್ಕೆಯ ವಿಷಯ ಅವಳಿಗೆ ಏನೂ ಗೊತ್ತಿರಲಿಲ್ಲ.

"ಹೌದೇನು?" ಎಂದಳು. "ನಾನಽ ಹೇಳಿದ್ರ ನಿನಗ ಸಿಟ್ಟು ಬರತೈತಿ. ಕಾಣಿಕಿ ಬಿಟ್ಟು ಅಣ್ಣನ ಕಡೆ ಹೋಗು ಅನ್ನೂ ಪಾಠ ಬರಲಿ, ದೇವರಽ ಹೇಳಲಿ ಅಂತ ಕಾದ್ನಿ, ಯಪ್ಪಾ. ಅದು ಬರಲಽ ಇಲ್ಲ. ನನಗ ನಿದ್ದಿ ಹತ್ತಿತ್ತೇನೋ ಅಂದ್ಕೊಂಡ್ನಿ. ಆಜ್ಞೆನೂ ಒಂದು ಕಡಿಮಿ ಆಗತಿತ್ತು. ವಯಸ್ಸಾತು, ತಲಿ ನಿಲ್ಲವಲ್ದು ಅಂತ ಸುಮ್ಮನಾದ್ನಿ."

ಮೂರು ವರ್ಷ. ನಾನು ಬಿಟ್ಟ ಸಾಲುಗಳ ತಪ್ಪನ್ನು ಅವಳು ತನ್ನ ತಲೆಯ ಮೇಲೆ ಹೊತ್ತುಕೊಂಡು ಕೂತಿದ್ದಳು.

ಸೋಮವಾರ ರಜೆ ಹಾಕಿ ಮೊದಲ ಬಸ್ಸಿಗೆ ಬಬಲೇಶ್ವರಕ್ಕೆ ಹೋದೆ. ಬಾಗಿಲು ತೆರೆದವನನ್ನು ಒಂದು ಕ್ಷಣ ಗುರುತಿಸಲಿಲ್ಲ. ಅಣ್ಣ ಮೀಸೆ ಬೋಳಿಸಿದ್ದ. ವಯಸ್ಸಿಗೆ ಬಂದಾಗಿನಿಂದ ಇದ್ದ ಆ ದಪ್ಪ ಮೀಸೆ ಇಲ್ಲದೆ ಮುಖ ಸಣ್ಣದಾಗಿತ್ತು.

"ಯಾಕೋ, ಮೂರು ವರ್ಷ ಬರಲಿಲ್ಲ?" ಎಂದ.

ಸಾಲಿಯ ಕೆಲಸ, ರಜೆ ಸಿಗಲಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂತು. ನುಂಗಿದೆ. "ಸಿಟ್ಟಿತ್ತು ಅಣ್ಣಾ. ಕಂಡಕ್ಟರ್ ಕೈಯಾಗ ಪತ್ರಿಕಿ ಕಳಿಸಿದೆಲ್ಲ, ಅದಕ್ಕ" ಎಂದೆ.

"ಅವತ್ತ ನನಗ ಚಳಿಜ್ವರ ಬಂದಿತ್ತೋ ತಮ್ಮಾ. ಕೇಳಿದ್ದರ ಹೇಳತಿದ್ನಿ. ನೀ ಮದವಿಗೆ ಬರಲಿಲ್ಲಂತ ನಾನೂ ಸಿಟ್ಟಿಲೆ ಬರಲಿಲ್ಲ" ಎಂದ. ಇಷ್ಟೇ. ಮೂರು ವರ್ಷದ ಸಿಟ್ಟಿಗೆ ಇದ್ದ ಬುನಾದಿ ಇಷ್ಟೇ.

ಅಂಗಿ ಹಾಕಿಕೊಂಡು ನನ್ನ ಜೊತೆಗೇ ಹೊರಟ. ಮಧ್ಯಾಹ್ನದ ಹೊತ್ತಿಗೆ ನಾವು ಮನೆ ಮುಟ್ಟಿದೆವು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಅಂಗಳದ ತುಂಬ ಬೆಳಕು. ಪಕ್ಕದಲ್ಲಿ ಕೃಪಾ, ಕೈಯಲ್ಲಿ ಔಷಧದ ಶೀಶೆ.

ನಮ್ಮ ಅವ್ವನ ಬಗ್ಗೆ ಒಂದು ಮಾತು ಹೇಳಬೇಕು. ಬಾಗಿಲಿಗೆ ಬಂದವರಿಗೆ ನಾನು ಮನೆಯಲ್ಲಿಲ್ಲ ಎಂದು ಹೇಳು ಅಂದದ್ದಕ್ಕೆ ಒಮ್ಮೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟವಳು. ಎಂಬತ್ತರ ಹತ್ತಿರ ಬಂದಳು, ಅವಳ ಬಾಯಲ್ಲಿ ಒಂದು ಸುಳ್ಳು ಕೇಳಿದವರಿಲ್ಲ.

ಅಣ್ಣ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಯವ್ವಾ, ನಾ ಬಂದೇನಿ. ಕಾಣತೀನೇನಬೇ?"

ಅವ್ವ ಮುಖ ಅವನ ದನಿ ಬಂದ ಕಡೆ ತಿರುಗಿಸಿದಳು. ಒಂದು ಸಲ ಅವನ ಕಡೆ, ಒಂದು ಸಲ ಮೊಮ್ಮಗಳ ಉಸಿರು ಕೇಳುವ ಕಡೆ. ಆಮೇಲೆ ನಕ್ಕಳು.

"ಕಾಣತಿ ಬಾ, ಯಪ್ಪಾ. ಚಂದ ಕಾಣತಿ. ಮೀಸಿ ಹಂಗಽ ಐತಿ ನೋಡು."

ಅಣ್ಣನ ಕೈ ಬರಿದಾದ ತುಟಿಯ ಮೇಲೆ ಹೋಗಿ ಅಲ್ಲೇ ನಿಂತಿತು. "ಹೌದಬೇ, ಹಂಗಽ ಐತಿ" ಎಂದ.

ಕೃಪಾ ಶೀಶೆ ಹಿಡಿದು ನನ್ನ ಮುಖ ನೋಡಿದಳು. ರಬ್ಬರ್ ತಂದು ನನ್ನ ಚುಕ್ಕೆಗಳನ್ನು ನಾನು, ಅವಳವನ್ನು ಅವಳು, ಒಂದೂ ಬಿಡದೆ ಹಿಂದಿನ ದಿನವೇ ಅಳಿಸಿದ್ದೆವು.

ಅವ್ವನ ನಾಲಿಗೆಯ ಮೇಲೆ ಆ ಒಂದು ಚುಕ್ಕೆ ಇಟ್ಟವರು ಯಾರು?